ಶುಭ ಮುಹೂರ್ತದಲ್ಲಿ ಹೊರಟುಹೋದ ಜೆರ್ಸಿ ಚೀಲ

ಕ್ರೀಡಾ ಕಚೇರಿಯ ಮೂರನೆಯ ಮಹಡಿಯಲ್ಲಿ ಹೀಟರಿನ ಪಕ್ಕ ಕುಳಿತು ಈ ಪತ್ರವನ್ನು ಓದುತ್ತಿರುವ, ಅಥವಾ ಯಾರಿಂದಲೋ ಓದಿಸಿಕೊಳ್ಳುತ್ತಿರುವ ಮಾನ್ಯ ದಾಶೋ ಅವರೇ,

ನಮ್ಮ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡವನ್ನು ಈ ಸಲ ದ್ವೀಪನಗರಿ ಮಾಲೆಯ ಪಂದ್ಯಾವಳಿಗೆ ಕಳಿಸುವುದಿಲ್ಲವೆಂದು ತಾವು ತೀರ್ಮಾನಿಸಿದ್ದೀರಿ. "ತಂಡದ ಅಂತಾರಾಷ್ಟ್ರೀಯ ದಾಖಲೆ ತೃಪ್ತಿಕರವಾಗಿಲ್ಲ" ಎಂಬುದು ತಾವು ಕೊಟ್ಟ ಕಾರಣ. ಅದೇ ಪ್ರಕಟಣೆಯ ತೀರಾ ಕೊನೆಯಲ್ಲಿ, ಹೊಸ ಸೊಸೆ ಬಾಗಿಲ ಮರೆಯಲ್ಲಿ ನಿಂತ ಹಾಗೆ, ಇನ್ನೊಂದು ಸಾಲು ನಿಂತಿದೆ: ತಮ್ಮ ಕಚೇರಿಯ ಮೂವರು ಅಧಿಕಾರಿಗಳು ಅದೇ ಪಂದ್ಯಾವಳಿಗೆ ವೀಕ್ಷಕರಾಗಿ ತೆರಳಲಿದ್ದಾರೆ. ಆಡುವವರು ಮನೆಯಲ್ಲಿ, ನೋಡುವವರು ವಿಮಾನದಲ್ಲಿ! ಅಲ್ಲಿ ಅವರು ಏನನ್ನು ವೀಕ್ಷಿಸುತ್ತಾರೆ ದಾಶೋ? ನಮ್ಮ ಹುಡುಗಿಯರು ಕೂರಬೇಕಿದ್ದ ಬೆಂಚನ್ನೇ?

ಮುಂದೆ ಹೋಗುವ ಮೊದಲು ಒಂದು ಸಣ್ಣ ವಿಷಯ. ಹಿರಿಯರ ಮುಂದೆ ಮಾತಾಡುವಾಗ ಪ್ರತಿ ಮಾತಿನ ತುದಿಗೂ 'ಲಾ' ಸೇರಿಸಬೇಕೆಂದು ನನ್ನ ತಾಯಿ ಕಲಿಸಿದ್ದಾಳೆ. ನಾನು ಬರೆಯುತ್ತಿರುವುದು ಕೋಪದಲ್ಲಾದ್ದರಿಂದ ಅಲ್ಲಲ್ಲಿ ಮರೆತುಹೋಗಬಹುದು. ಹಾಗಾಗಿ ಎಲ್ಲವನ್ನೂ ಇಲ್ಲೇ ಒಟ್ಟಿಗೆ ಇಟ್ಟುಬಿಡುತ್ತೇನೆ: ಲಾ, ಲಾ, ಲಾ, ಲಾ. ಎಲ್ಲೆಲ್ಲಿ ಗೌರವ ಕಡಿಮೆ ಬಿತ್ತು ಅನ್ನಿಸುತ್ತದೋ ಅಲ್ಲಲ್ಲಿ ಒಂದೊಂದು ಎತ್ತಿ ಹಾಕಿಕೊಳ್ಳಿ. ತಮಗೆ ಇನ್ನೂ ಅರಮನೆಯಿಂದ ದಾಶೋ ಬಿರುದಿನ ಕೆಂಪು ಶಾಲು ಬಂದಿಲ್ಲ, ಆದರೂ ಇಡೀ ಥಿಂಪು ತಮ್ಮನ್ನು ದಾಶೋ ಎಂದೇ ಕರೆಯುತ್ತದೆ. ಗೌರವ ಕೊಡುವುದರಲ್ಲಿ ನಾವು ಹಿಂದೆ ಬಿದ್ದವರಲ್ಲ.

ನಾನು ಯಾರು ಎಂದು ತಾವು ಕೇಳಬಹುದು. ಮೈದಾನದ ಹಿಂದಿನ ಓಣಿಯಲ್ಲಿ ಖಾನಾವಳಿ ಇಟ್ಟಿರುವವಳು. ಅಭ್ಯಾಸ ಮುಗಿಸಿದ ಹುಡುಗಿಯರು ಬೆವರಿನ ಮೈಯಲ್ಲೇ ಬಂದು ನನ್ನ ಒಲೆಯ ಸುತ್ತ ಕೂತು ಮೆಣಸಿನಕಾಯಿ-ಗಿಣ್ಣಿನ ಎಮಾ ದತ್ಶಿ ಕಲಸಿಕೊಂಡು ಕೆಂಪಕ್ಕಿ ಅನ್ನ ತಿನ್ನುತ್ತಾರೆ. ತಮ್ಮ ಕಚೇರಿಯವರೂ ಬಂದು ಅದನ್ನೇ ತಿನ್ನುತ್ತಾರೆ, ಬೆವರು ಮಾತ್ರ ಇರುವುದಿಲ್ಲ. ಇದಲ್ಲದೆ ನಮ್ಮ ಬಡಾವಣೆಯ ಬಿಲ್ಲುಗಾರರ ತಂಡಕ್ಕೆ ಹಾಡುವ ಹೆಂಗಸರಿಗೆ ನಾನೇ ಮುಂದಾಳು. ಎದುರು ತಂಡದವನು ಬಾಣ ಹೂಡಿದ ಕೂಡಲೇ ಅವನ ಕಾಲು, ಕಣ್ಣು, ಹೊಟ್ಟೆ, ಅತ್ತೆ ಮನೆ, ಯಾವುದನ್ನೂ ಬಿಡದೆ ಹಾಡಿ ಅವನ ಕೈ ನಡುಗಿಸುವುದು ನಮ್ಮ ಕೆಲಸ. ಆಟ ಮುಗಿದ ಮೇಲೆ ಅವನಿಗೇ ಮೊದಲು ಮನೆಯಲ್ಲಿ ಇಳಿಸಿದ ಸಾರಾಯಿ ಆರಾ ಬಗ್ಗಿಸಿ ಕೊಡುವುದೂ ನಮ್ಮ ಕೆಲಸವೇ. ಈ ಬಿಲ್ಲುಗಾರರು ನೆರೆಯ ಕಣಿವೆಯವರ ಕೈಯಲ್ಲಿ ಎಷ್ಟು ಸಲ ಸೋತಿದ್ದಾರೆಂದರೆ, ಈಗ ಆ ಕಣಿವೆಯವರು ನಮ್ಮವರನ್ನು ನೋಡಿದರೆ ಅಯ್ಯೋ ಪಾಪ ಅನ್ನುತ್ತಾರೆ. ಆದರೂ ಅವರ ದಾಖಲೆ ತೃಪ್ತಿಕರವಾಗಿಲ್ಲವೆಂದು ಯಾರೂ ಬಿಲ್ಲು ಕಿತ್ತುಕೊಂಡಿಲ್ಲ. ಗುರಿ ತಪ್ಪಿದರೆ ಹಿಂದಿನ ರಾತ್ರಿ ಹೆಂಡತಿಯ ಪಕ್ಕ ಮಲಗಿದ್ದೇ ಕಾರಣ ಎನ್ನುತ್ತಾರೆ, ಹೊಸ ಬಾಣ ಕೊಡಿಸುತ್ತಾರೆ.

ಕಳೆದ ವರ್ಷ ತಂಡದೊಂದಿಗೆ ನಾನೂ ಮಾಲೆಗೆ ಹೋಗಿದ್ದೆ. ಹೆಣ್ಣುಮಕ್ಕಳ ಜೊತೆ ಒಬ್ಬ ಹಿರಿಯ ಹೆಂಗಸು ಇರಲೇಬೇಕೆಂದು ನಿಯಮವಿತ್ತು. ತಮ್ಮ ಕಚೇರಿ ಮೊದಲು ಅಧಿಕಾರಿಗಳ ಮನೆಯವರನ್ನೇ ಕೇಳಿತು. ಹೋಗುವುದು ಬ್ಯಾಂಕಾಕಿಗಲ್ಲ ಎಂದು ತಿಳಿದ ಮೇಲೆ ಎಲ್ಲರಿಗೂ ಒಟ್ಟಿಗೆ ಸೊಂಟ ನೋವು ಬಂತು. ಕೊನೆಗೆ ಆ ಜಾಗ ಒಣ ಮೆಣಸಿನಕಾಯಿ ಗಂಟಿನ ಸಮೇತ ನನಗೆ ಸಿಕ್ಕಿತು. ಆದ್ದರಿಂದ ತಾವು ಹೇಳುವ ದಾಖಲೆ ಹೇಗೆ ತಯಾರಾಯಿತು ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಮತ್ತು ತಾವು ಕಂಡಿಲ್ಲ.

ವಿಮಾನ ಶುಕ್ರವಾರಕ್ಕಿತ್ತು. ಶುಕ್ರವಾರ ದಕ್ಷಿಣಕ್ಕೆ ಹೊರಡುವುದು ತಂಡಕ್ಕೆ ಆಗಿಬರುವುದಿಲ್ಲ, ಬುಧವಾರ ಬೆಳಿಗ್ಗೆಯಾದರೆ ಒಳ್ಳೆಯದು ಎಂದು ಜ್ಯೋತಿಷಿಗಳು ಹೇಳಿದರು. ಇದಕ್ಕೆ ಪರಿಹಾರ ನಮ್ಮಲ್ಲಿ ಅಡುಗೆಮನೆಯ ಮಕ್ಕಳಿಗೂ ಗೊತ್ತು. ಒಳ್ಳೆಯ ದಿನ, ಒಳ್ಳೆಯ ಹೊತ್ತಿನಲ್ಲಿ ಹೊರಡುವವರ ಉಟ್ಟ ಬಟ್ಟೆಯೊಂದನ್ನು ಆ ದಿಕ್ಕಿನ ಯಾರದಾದರೂ ಮನೆಯಲ್ಲಿ ಇಟ್ಟು ಬರುವುದು. ಬಟ್ಟೆ ಹೊಸ್ತಿಲು ದಾಟಿತೆಂದರೆ ಮನುಷ್ಯ ಹೊರಟ ಲೆಕ್ಕ. ಆಮೇಲೆ ನಿಜವಾಗಿ ಹೊರಡುವ ದಿನ ದಾರಿಯಲ್ಲಿ ಅದನ್ನು ಎತ್ತಿಕೊಂಡು ಹೋದರಾಯಿತು. ನನ್ನ ಸೊಂಟಪಟ್ಟಿಯನ್ನು ಸೇತುವೆಯ ಬಳಿಯ ದೋಮಾ ಅಂಗಡಿಯಲ್ಲಿ ಇಟ್ಟು ಬಂದಿದ್ದೆ. ಎಲೆ ಅಡಿಕೆ ಕೊಂಡ ಹಾಗೂ ಆಯಿತು, ಪ್ರಯಾಣ ಹೊರಟ ಹಾಗೂ ಆಯಿತು.

ಆದರೆ ಕಚೇರಿ ಎಂದ ಮೇಲೆ ಸೊಂಟಪಟ್ಟಿ ಇಟ್ಟು ಸುಮ್ಮನಿರಲಾದೀತೇ? ಇಡೀ ತಂಡದ ಜೆರ್ಸಿಗಳಿರುವ ನೀಲಿ ಚೀಲವನ್ನೇ ಸರ್ಕಾರಿ ವಾಹನದಲ್ಲಿ ಕೂರಿಸಿ, ಸಹಾಯಕ ಅಧಿಕಾರಿಯೊಬ್ಬರನ್ನು ಕಾವಲಿಗಿಟ್ಟು, ದಕ್ಷಿಣ ಎಂದರೆ ದಕ್ಷಿಣವೇ ಎಂದು ಘಾಟಿಯ ತಿರುವುಗಳನ್ನೆಲ್ಲ ಇಳಿಸಿ, ಗಡಿಯ ಫುಂತ್ಶೋಲಿಂಗ್ ಪಟ್ಟಣದಲ್ಲಿರುವ ತಮ್ಮ ಭಾವಮೈದುನರ ಮನೆಗೆ ತಲುಪಿಸಲಾಯಿತು. ಮುಹೂರ್ತ ಮೀರಲಿಲ್ಲ, ದಿಕ್ಕು ತಪ್ಪಲಿಲ್ಲ. ಒಂದೇ ಒಂದು ಸಣ್ಣ ತೊಡಕು. ನಮ್ಮ ವಿಮಾನ ಹಾರುವುದು ಪಾರೋದಿಂದ, ಮತ್ತು ಪಾರೋ ಇರುವುದು ಪಶ್ಚಿಮಕ್ಕೆ. ಚೀಲವನ್ನು ದಾರಿಯಲ್ಲಿ ಎತ್ತಿಕೊಳ್ಳಬಹುದು ಎಂದುಕೊಂಡವರು ಯಾರು ದಾಶೋ? ವಿಮಾನವು ತಮ್ಮ ಭಾವಮೈದುನರ ಅಂಗಳದಲ್ಲಿ ಇಳಿದು, ಒಂದು ಬಟ್ಟಲು ಬೆಣ್ಣೆ ಚಹಾ ಸುಜಾ ಕುಡಿದು, ಚೀಲ ಹೇರಿಕೊಂಡು ಮತ್ತೆ ಹಾರುತ್ತದೆ ಎಂದೇನಾದರೂ ವ್ಯವಸ್ಥೆಯಾಗಿತ್ತೇ?

ಮಾಲೆಯಲ್ಲಿ ಇಳಿದಾಗ ಬಿಸಿಲು ಮುಖಕ್ಕೆ ಬಡಿಯಿತು. ಹುಡುಗಿಯರು ಮೊದಲ ಸಲ ಸಮುದ್ರ ನೋಡುತ್ತ ನಿಂತಿದ್ದರು. ನಾಯಕಿ ಸೆಲ್ಡೆನ್ ಮಾತ್ರ ಸಾಮಾನು ಎಣಿಸುತ್ತಿದ್ದಳು. ಸೆಲ್ಡೆನ್ನಳನ್ನು ತಾವು ದಿನಾ ನೋಡುತ್ತೀರಿ. ಪೇಟೆಯ ಚೌಕದ ನಡುವಿನ ಗೂಡಿನಲ್ಲಿ ಬಿಳಿ ಕೈಗವಸು ತೊಟ್ಟು ವಾಹನಗಳನ್ನು ನಡೆಸುವ ಪೊಲೀಸ್ ಹುಡುಗಿ ಅವಳೇ. ತಮ್ಮ ಕಾರು ಪ್ರತಿ ಬೆಳಿಗ್ಗೆ ನಿಲ್ಲುವುದು ಅವಳ ಅಂಗೈಗೆ, ಹೊರಡುವುದು ಅವಳ ಬೆರಳಿಗೆ.

"ಸಾರ್, ನೀಲಿ ಚೀಲ ಎಲ್ಲಿ?" ಅಂತ ಅವಳು ನಮ್ಮೊಂದಿಗೆ ಬಂದಿದ್ದ ಅದೇ ಸಹಾಯಕ ಅಧಿಕಾರಿಯನ್ನು ಕೇಳಿದಳು.

"ಚೀಲ ಆಗಲೇ ಹೊರಟಿದೆಯಲ್ಲಮ್ಮ."

"ಹೊರಟಿದ್ದು ಗೊತ್ತು ಸಾರ್. ಬಂತಾ ಅಂತ ಕೇಳ್ತಿದೀನಿ."

"ಬಹಳ ಒಳ್ಳೇ ಮುಹೂರ್ತದಲ್ಲಿ ಹೊರಟಿದೆ," ಅಂದರು ಅವರು, ಸಮುದ್ರದ ಕಡೆ ನೋಡುತ್ತ.

"ನಮಗಿಂತ ಚೀಲಕ್ಕೇ ಯೋಗ ಚೆನ್ನಾಗಿದೆ ಬಿಡು," ಅಂದ ಕೋಚ್ ಫುಬ್. ಪಾಪ, ಅವನು ನಗುತ್ತಿದ್ದನೋ ಅಳುತ್ತಿದ್ದನೋ ನನಗೆ ತಿಳಿಯಲಿಲ್ಲ.

ಅದೇ ಸಂಜೆ ಆತಿಥೇಯರ ಮೇಲೆ ಮೊದಲ ಪಂದ್ಯ. ಒಂದೇ ಬಣ್ಣದ, ನಂಬರು ಇರುವ ಸಮವಸ್ತ್ರವಿಲ್ಲದೆ ಅಂಕಣಕ್ಕೆ ಇಳಿಯುವಂತಿಲ್ಲ ಎಂದು ರೆಫರಿಗಳು ಹೇಳಿದರು. ಅವರದೇನೂ ತಪ್ಪಿಲ್ಲ. ಕಾಲಾವಕಾಶ ಕೊಟ್ಟರು, ಗಡಿಯಾರ ನೋಡಿದರು, ಕೊನೆಗೆ ಸೀಟಿ ಊದಿದರು. ಆಟಕ್ಕೆ ಹಾಜರಾಗದ ತಂಡ ಇಪ್ಪತ್ತು–ಸೊನ್ನೆಯಿಂದ ಸೋತಂತೆ. ನಮ್ಮ ಹುಡುಗಿಯರು ಶೂ ಕಟ್ಟಿಕೊಂಡು, ಕೂದಲು ಬಿಗಿದುಕೊಂಡು, ಗೆರೆಯ ಮೇಲೆ ನಿಂತೇ ಇದ್ದರು. ಹಾಜರಾಗದೆ ಇದ್ದದ್ದು ಚೀಲ ಮಾತ್ರ.

ಮುಂದೆ ನಡೆದದ್ದು ಯಾವ ದಾಖಲೆಯಲ್ಲೂ ಇಲ್ಲ, ಆದ್ದರಿಂದ ಸ್ವಲ್ಪ ನಿಧಾನವಾಗಿ ಓದಿ. ಪಂದ್ಯ ನೋಡಲು ಬಂದ ಜನ ಎದ್ದು ಹೋಗಲಿಲ್ಲ. ಮಕ್ಕಳನ್ನು ಎತ್ತಿಕೊಂಡ ತಾಯಂದಿರು, ಮೀನು ತುಂಬಿದ ಕಡುಬು ತಿನ್ನುತ್ತಿದ್ದ ಮುದುಕರು, ಎಲ್ಲರೂ ಕೂತೇ ಇದ್ದರು. ಆತಿಥೇಯ ತಂಡದ ಎತ್ತರದ ಹುಡುಗಿ, ಮೂಮಿನಾ ಅಂತ ಹೆಸರು, ಚೆಂಡು ಹಿಡಿದು ನಮ್ಮ ಬೆಂಚಿನ ಹತ್ತಿರ ಬಂದು ಸೆಲ್ಡೆನ್ ಕೈಗೆ ಕೊಟ್ಟಳು. "ಇಷ್ಟು ದೂರದಿಂದ ಬಂದಿದೀರ. ಸುಮ್ನೆ ಆಡೋಣ ಬನ್ನಿ" ಅಂದಳು. ಗೆದ್ದವರೇ ಬಂದು ಕರೆದರು ದಾಶೋ! ಕೋಚುಗಳಿಬ್ಬರೂ ಒಪ್ಪಿದರು, ರೆಫರಿಗಳೂ ಮತ್ತೆ ಸೀಟಿ ಹಿಡಿದರು. ನಮ್ಮ ಹುಡುಗಿಯರು ರಾತ್ರಿ ಮಲಗಲು ತಂದಿದ್ದ ಅಂಗಿಗಳಲ್ಲೇ ಇಳಿದರು. ಒಬ್ಬಳ ಎದೆಯ ಮೇಲೆ ಬೆಕ್ಕಿನ ಚಿತ್ರ, ಇನ್ನೊಬ್ಬಳದರ ಮೇಲೆ ಯಾವುದೋ ಸಿಮೆಂಟಿನ ಜಾಹೀರಾತು.

ಮೊದಲರ್ಧ ನಾವು ಉಸಿರಿಗೆ ಒದ್ದಾಡಿದೆವು. ಬೆಟ್ಟದ ಗಾಳಿಯಲ್ಲಿ ಬೆಳೆದ ಎದೆಗೂಡಿಗೆ ತಗ್ಗಿನಲ್ಲಿ ಓಡುವುದು ಸಲೀಸು ಎಂದು ನಮಗೆ ಹೇಳಿದ್ದವರು ಆ ಸೆಖೆಯ ವಿಷಯ ಹೇಳಿರಲಿಲ್ಲ. ಎರಡನೆಯ ಅರ್ಧದಲ್ಲಿ ಸೆಲ್ಡೆನ್ ಅಂಕಣದ ನಡುವೆ ನಿಂತು ಕೈಯಾಡಿಸತೊಡಗಿದಳು. ಥೇಟ್ ಚೌಕದ ಗೂಡಿನಲ್ಲಿ ನಿಂತ ಹಾಗೆಯೇ, ನೀನು ಬಾ, ನೀನು ನಿಲ್ಲು, ನೀನು ಎಡಕ್ಕೆ. ನಮ್ಮವರು ಅವಳ ಕೈ ನೋಡಿ ಓಡಿದರು. ನೋಡನೋಡುತ್ತ ನಾವು ಒಂದು ಅಂಕ ಮುಂದಾದೆವು, ಐವತ್ತೊಂದು–ಐವತ್ತು. ಇನ್ನೇನು ಮುಗಿಯಬೇಕು, ಆಗ ನಮ್ಮ ಹುಡುಗಿಯೊಬ್ಬಳ ಮೊಣಕೈ ಮೂಮಿನಾಗೆ ತಗಲಿ ಅವಳಿಗೆ ಎರಡು ಬಿಡಿ ಎಸೆತ ಸಿಕ್ಕವು. ಎರಡೂ ಬಿದ್ದರೆ ಅವರು ಗೆದ್ದಂತೆ, ಒಂದು ಬಿದ್ದರೆ ಸಮ. ಬುಟ್ಟಿಯ ಹಿಂದುಗಡೆ, ನೇರ ಅವಳ ಕಣ್ಣೆದುರು, ಕಿರಾ ಉಟ್ಟು ನಾನು ನಿಂತಿದ್ದೆ.

ಇನ್ನು ನಾನು ಏನು ಮಾಡಬೇಕಿತ್ತು, ತಾವೇ ಹೇಳಿ. ಒಬ್ಬರು ಗುರಿ ಹಿಡಿದು ನಿಂತಿದ್ದಾರೆ, ನಾನು ಗುರಿಯ ಪಕ್ಕ ನಿಂತಿದ್ದೇನೆ. ಮೂವತ್ತು ವರ್ಷದ ಅಭ್ಯಾಸ ಬಾಯಿ ಮುಚ್ಚಿಕೊಂಡಿರು ಅಂದರೆ ಕೇಳುತ್ತದೆಯೇ? ಸೊಂಟಕ್ಕೆ ಕೈಯಿಟ್ಟು ಕಾಲು ಕುಣಿಸಿ ಶುರು ಮಾಡಿಯೇಬಿಟ್ಟೆ. "ಅಯ್ಯೋ ಅಯ್ಯೋ ಉದ್ದ ಕಾಲಿನ ಕೊಕ್ಕರೆ, ನಿನ್ನ ಬಾಣ ಪಕ್ಕದೂರಿನ ಹಸುವಿಗೆ ತಗಲೀತು! ಹಸು ಕಟ್ಟಿಕೊಂಡವನು ದೊಣ್ಣೆ ಹಿಡಿದು ನಿನ್ನ ಮಾವನ ಮನೆಗೆ ಬಂದಾನು!" ಅಂತ ರಾಗವಾಗಿ ಹಾಡಿದೆ. ಅಲ್ಲಿ ಒಬ್ಬರಿಗೂ ಒಂದಕ್ಷರ ತಿಳಿಯಲಿಲ್ಲ. ಆದರೆ ಬೈಗುಳ ಯಾವ ಭಾಷೆಯಲ್ಲಿದ್ದರೂ ಬೈಗುಳ ಅಂತ ಗೊತ್ತಾಗುತ್ತದಲ್ಲ? ಮೂಮಿನಾ ನಕ್ಕುಬಿಟ್ಟಳು. ಮೊದಲ ಚೆಂಡು ಬುಟ್ಟಿಯ ಅಂಚಿಗೆ ಬಡಿದು ಹೊರಗೆ ಬಿತ್ತು. ಎರಡನೆಯದಕ್ಕೆ ಅವಳು ಕಣ್ಣು ಮುಚ್ಚಿ ಉಸಿರೆಳೆದುಕೊಂಡಳು, ನಾನು ಹಸುವಿನ ಹಾಗೆ ಅಂಬಾ ಅಂದೆ. ಅದು ಬುಟ್ಟಿಯನ್ನು ಮುಟ್ಟಲೂ ಇಲ್ಲ. ನಮ್ಮ ಹುಡುಗಿಯರು ನೆಲದ ಮೇಲೆ ಬಿದ್ದು ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಅವರದೇ ತಂಡ ಸೋತಿತ್ತು ಎಂಬುದನ್ನು ಮರೆತು.

ಇದು ಕ್ರೀಡಾಮನೋಭಾವಕ್ಕೆ ಒಪ್ಪುವಂಥದ್ದಲ್ಲ ಎಂದು ತಾವು ಕನ್ನಡಕ ಸರಿಪಡಿಸಿಕೊಳ್ಳುತ್ತಿರಬಹುದು. ಮೂಮಿನಾಗೆ ಹಾಗೆ ಅನ್ನಿಸಲಿಲ್ಲ. ನೇರವಾಗಿ ನನ್ನ ಹತ್ತಿರ ಬಂದಳು. "ಆಗ ಏನಂದ್ರಿ ನನಗೆ? ನಿಜ ಹೇಳ್ಬೇಕು" ಅಂದಳು. ಹುಡುಗಿಯರು ನಗುತ್ತ ನಗುತ್ತ ಬಿಡಿಸಿ ಹೇಳಿದರು. ಹಸುವಿನ ಭಾಗವನ್ನು ಅವಳು ಎರಡು ಸಲ ಹೇಳಿಸಿಕೊಂಡಳು. ಆಮೇಲೆ ಎಲ್ಲರೂ ಒಟ್ಟಿಗೆ ಕೂತು ಉಂಡೆವು. ನನ್ನ ಮೆಣಸಿನಕಾಯಿ ಕಚ್ಚಿ ಅವಳ ಕಣ್ಣಲ್ಲಿ ನೀರು ಬಂದಾಗ, "ಇದಕ್ಕಿಂತ ನಿಮ್ಮ ಹಾಡೇ ವಾಸಿ" ಅಂದಳು.

ಉಳಿದ ಪಂದ್ಯಗಳನ್ನು ನಾವು ಪೇಟೆಯಲ್ಲಿ ನಂಬರು ಹೊಡೆಸಿದ ಅಂಗಿಗಳಲ್ಲಿ ಆಡಿ ಸೋತೆವು. ಒಂದರಲ್ಲಂತೂ ಎಷ್ಟು ಅಂತರದಿಂದ ಎಂದರೆ ಬರೆಯಲು ನನಗೇ ನಾಚಿಕೆ. ಆ ಸೋಲುಗಳು ನಮ್ಮವು, ನಾವು ಬೆವರು ಸುರಿಸಿ ಸಂಪಾದಿಸಿದ್ದು, ಅವುಗಳನ್ನು ಬೇರೆಯವರ ತಲೆಗೆ ಕಟ್ಟುವುದಿಲ್ಲ. ಆದರೆ ಆ ಇಪ್ಪತ್ತು–ಸೊನ್ನೆ ಯಾರದು? ಅದರಲ್ಲಿ ನಮ್ಮ ಹುಡುಗಿಯರು ಚೆಂಡನ್ನೇ ಮುಟ್ಟಿಲ್ಲ. ಆಡಿದ್ದು ತಮ್ಮ ಕಚೇರಿ, ಸೋತದ್ದು ತಮ್ಮ ಕಚೇರಿ. ಅಂತಾರಾಷ್ಟ್ರೀಯ ಮಟ್ಟದಲ್ಲಿ ತಮ್ಮ ಕಚೇರಿ ಎದುರಿಸಿದ ಏಕೈಕ ಪಂದ್ಯ ಅದು, ಒಂದೂ ಅಂಕವಿಲ್ಲದೆ ಸೋತಿದೆ. ದಾಖಲೆ ತೃಪ್ತಿಕರವಾಗಿಲ್ಲದ ತಂಡವನ್ನು ಹೊರಗೆ ಕಳಿಸಬಾರದು ಎಂಬುದೇ ತಮ್ಮ ನೀತಿಯಾದರೆ, ಈ ಸಲ ಮನೆಯಲ್ಲಿ ಉಳಿಯಬೇಕಾದವರು ಯಾರು?

ಇಷ್ಟು ಹೊತ್ತು ತಮಾಷೆಯಾಗಿ ಬರೆದೆ. ಮುಂದಿನದನ್ನು ಹಾಗೆ ಬರೆಯಲು ಆಗುತ್ತಿಲ್ಲ. ತಮ್ಮ ಪ್ರಕಟಣೆ ಬಂದ ಸಂಜೆ ಸೆಲ್ಡೆನ್ ನನ್ನ ಖಾನಾವಳಿಗೆ ಬಂದು ತನ್ನ ಶೂ ಜೋಡಿಯನ್ನು ಒಲೆಯ ಪಕ್ಕ ಇಟ್ಟಳು.

"ಆಂಗೇ, ಇದನ್ನ ಯಾರಾದ್ರೂ ಸಣ್ಣ ಹುಡುಗೀರಿಗೆ ಕೊಟ್ಬಿಡು. ನಾನಿನ್ನು ಆಡಲ್ಲ." ಐವತ್ತಾರು ವಯಸ್ಸಿಗೇ ನನ್ನನ್ನು ಅಜ್ಜಿ ಅನ್ನುತ್ತಾಳೆ ಈ ಹುಡುಗಿ. ಬೇರೆ ದಿನವಾಗಿದ್ದರೆ ಸೌಟು ತೋರಿಸುತ್ತಿದ್ದೆ.

"ಯಾಕೆ, ಮಂಡಿ ನೋವಾ?"

"ಮಂಡಿ ಗಟ್ಟಿಯಾಗಿದೆ." ಅವಳು ಶೂಗಳ ಲೇಸನ್ನು ಒಳಗೆ ಸೇರಿಸಿಟ್ಟಳು. "ನನ್ನ ಮಗಳು ಶಾಲೇಲಿ, ನಮ್ಮಮ್ಮ ಮಾಲೇಲಿ ಗೆದ್ದಿದ್ರು ಅಂತ ಹೇಳಿದ್ಲಂತೆ. ಟೀಚರು ಫೋನಲ್ಲಿ ನೋಡಿ, 'ಇಲ್ವಲ್ಲ ಪುಟ್ಟ, ಇಪ್ಪತ್ತು–ಸೊನ್ನೆ ಸೋತಿದಾರೆ, ಸುಳ್ಳು ಹೇಳ್ಬಾರದು' ಅಂದ್ರಂತೆ. ಕ್ಲಾಸೆಲ್ಲ ನಕ್ಕಿದೆ. ಮನೆಗೆ ಬಂದು, ಅಮ್ಮಾ ನೀನು ನಿಜವಾಗ್ಲೂ ಗೆದ್ದಿದ್ಯಾ ಅಂತ ಕೇಳ್ತಾಳೆ. ಏನಂತ ಹೇಳ್ಲಿ?"

"ಗೆದ್ದೆ ಅಂತ ಹೇಳು! ನಾನು ಸಾಕ್ಷಿ ಇಲ್ವೇನೇ?"

"ನೀನು ಹಸು ಹಾಗೆ ಕೂಗಿದ್ದಕ್ಕೆ ಸಾಕ್ಷಿ," ಅಂದಳು. ನಗಲು ನೋಡಿದಳು, ಆಗಲಿಲ್ಲ. "ಲೆಕ್ಕಕ್ಕೆ ಬರೋ ಹಾಗೆ ಒಂದೇ ಒಂದು ಸಲ ಗೆಲ್ಲಬೇಕಿತ್ತು ಆಂಗೇ. ಅದಕ್ಕೇ ಈ ವರ್ಷ ಅಂತ ಕಾದಿದ್ದೆ. ಮುಂದಿನ ವರ್ಷ ನನ್ನನ್ನ ಯಾರು ಆರಿಸ್ತಾರೆ?"

ಅವಳು ಹೋದ ಮೇಲೆ ಆ ಶೂಗಳನ್ನು ನೋಡುತ್ತ ನಾನು ಬಹಳ ಹೊತ್ತು ಅತ್ತೆ ದಾಶೋ. ಮೆಣಸಿನಕಾಯಿ ಘಾಟು ಎಂದು ಗಿರಾಕಿಗಳಿಗೆ ಹೇಳಿದೆ. ಮರುದಿನ ಮೂಮಿನಾಳ ಸಂದೇಶ ಬಂತು, ಹುಡುಗಿಯರು ಓದಿ ಹೇಳಿದರು: "ಬೇಗ ಬನ್ನಿ. ಈ ಸಲ ನಾನೂ ನಿಮ್ಮ ಭಾಷೆಯಲ್ಲಿ ಒಂದು ಬೈಗುಳ ಕಲಿತು ಇಟ್ಟುಕೊಂಡಿದ್ದೇನೆ." ಅವಳಿಗೆ ಉತ್ತರ ಬರೆಯಲು ಯಾರಿಗೂ ಧೈರ್ಯ ಬರಲಿಲ್ಲ.

ಆಗ ನನಗೆ ಚೀಲದ ನೆನಪಾಯಿತು. ತಮ್ಮ ಭಾವಮೈದುನರ ಮನೆಗೆ ಫೋನ್ ಮಾಡಿದೆ. ಅವರ ಮನೆಯಾಕೆ ಬಹಳ ಒಳ್ಳೆಯವರು. "ಆ ನೀಲಿ ಚೀಲಾನಾ? ಮೆಟ್ಟಿಲ ಕೆಳಗೇ ಇದೆಯಲ್ಲ! ಒಳಗೆ ನಮ್ಮ ಬೆಕ್ಕು ಮರಿ ಹಾಕಿದೆ. ಯಾರಾದ್ರೂ ಬಂದು ತಗೊಂಡ್ಹೋಗ್ತಾರೆ ಅಂತ ವರ್ಷದಿಂದ ಕಾಯ್ತಿದೀವಿ" ಅಂದರು. ಯಾರೂ ಯಾಕೆ ಹೋಗಲಿಲ್ಲ ಎಂಬುದು ನನಗೆ ಅರ್ಥವಾಗುತ್ತದೆ. ವಾಪಸು ತಂದರೆ ಅಲ್ಲಿಗೆ ಹೋಗಿತ್ತು ಎಂದು ಒಪ್ಪಿಕೊಂಡ ಹಾಗಾಗುತ್ತದಲ್ಲ! ಹೀಗಾಗಿ ನಮ್ಮ ರಾಷ್ಟ್ರೀಯ ತಂಡದ ಜೆರ್ಸಿಗಳ ಮೇಲೆ ಗಡಿಯ ಬೆಕ್ಕಿನ ಸಂಸಾರ ಬೆಳೆಯುತ್ತಿದೆ.

ಫೋನ್ ಇಟ್ಟವಳೇ ಜ್ಯೋತಿಷಿಗಳ ಹತ್ತಿರ ಓಡಿದೆ. ಕಳೆದ ವರ್ಷ ಬುಧವಾರದ ಮುಹೂರ್ತ ಕೊಟ್ಟವರೇ ಅವರು. ದೋಮಾ ಕೊಟ್ಟು ಎದುರು ಕೂತೆ.

"ಗುರುಗಳೇ, ಹೊರಟವರ ಬಟ್ಟೆ ಹೋಗಿದೆ, ತಿರುಗಿ ಬಂದಿಲ್ಲ. ಅವರು ಮನೆ ಸೇರಿದ ಹಾಗೋ, ಇಲ್ಲವೋ?"

"ಬಟ್ಟೆ ಬಾರದೆ ಪ್ರಯಾಣ ಹೇಗಮ್ಮ ಮುಗಿಯುತ್ತೆ? ಅವರು ಇನ್ನೂ ದಾರೀಲೇ ಇದಾರೆ."

"ನಡುದಾರೀಲಿ ಅವರನ್ನ ಯಾರಾದ್ರೂ ತಡೆದ್ರೆ?"

ಅವರು ಎಲೆ ಜಗಿಯುವುದನ್ನು ನಿಲ್ಲಿಸಿದರು. "ಹೊರಟವರಿಗೇನೂ ದೋಷ ಇಲ್ಲ. ತಡೆದವನಿಗೆ ಮಾತ್ರ, ಅವನು ಯಾವ ಮೆಟ್ಟಿಲು ಹತ್ತಬೇಕು ಅಂತಿದಾನೋ ಆ ಮೆಟ್ಟಿಲಲ್ಲೇ ತಡೆಯಾಗುತ್ತೆ. ಯಾಕಮ್ಮ, ಯಾರದು?"

"ಯಾರೂ ಇಲ್ಲ ಗುರುಗಳೇ, ಸುಮ್ನೆ ಕೇಳ್ದೆ" ಅಂತ ನಮಸ್ಕಾರ ಹಾಕಿ ಬಂದೆ. ತಮ್ಮ ಹೆಸರು ಹೇಳಲಿಲ್ಲ. ತಮಗೆ ಬರಲಿರುವ ಕೆಂಪು ಶಾಲಿನ ಸುದ್ದಿಯನ್ನೂ ಎತ್ತಲಿಲ್ಲ. ಮುಂದಿನ ತಿಂಗಳೇ ಅಂತೆ, ಹೌದೇ?

ಆದ್ದರಿಂದ ಮಾನ್ಯರೇ, ತಂಡವನ್ನು ಕಳಿಸಿಕೊಡಿ ಎಂದು ನಾನು ಬೇಡುತ್ತಿಲ್ಲ. ತಂಡ ಹೊರಟು ವರ್ಷವಾಯಿತು, ತಾವೇ ಒಳ್ಳೆಯ ಮುಹೂರ್ತ ನೋಡಿ, ಸರ್ಕಾರಿ ವಾಹನ ಕೊಟ್ಟು ಹೊರಡಿಸಿದ್ದೀರಿ. ದಾರಿಯಲ್ಲಿರುವವರಿಗೆ ಅಡ್ಡ ನಿಲ್ಲಬೇಡಿ ಎಂದಷ್ಟೇ ಕೇಳುತ್ತಿದ್ದೇನೆ. ಆ ಮೂವರು ವೀಕ್ಷಕರು ಫುಂತ್ಶೋಲಿಂಗಿಗೆ ಹೋಗಿ ಬೆಕ್ಕಿನ ಮರಿಗಳನ್ನು ವೀಕ್ಷಿಸಲಿ, ಅವುಗಳನ್ನು ಮೆಲ್ಲಗೆ ಬೇರೆ ಬುಟ್ಟಿಗೆ ಹಾಕಲಿ, ಜೆರ್ಸಿಗಳನ್ನು ಅವರೇ ಕೈಯಾರೆ ಒಗೆದು ಪಾರೋಗೆ ತಂದುಕೊಡಲಿ. ಇಪ್ಪತ್ತು–ಸೊನ್ನೆ ಸೋತದ್ದು ಆಟಗಾರ್ತಿಯರಲ್ಲ, ಕಚೇರಿ ಎಂದು ಒಂದು ಸಾಲಿನ ಪ್ರಕಟಣೆ ಹೊರಡಿಸಿ. ಅದರ ಒಂದು ಪ್ರತಿಯನ್ನು ಆ ಪುಟ್ಟ ಹುಡುಗಿಯ ಶಾಲೆಗೆ ಮೊದಲು ಕಳಿಸಿ. ನಾಳೆ ಬೆಳಿಗ್ಗೆ ಚೌಕದಲ್ಲಿ ಬಿಳಿ ಕೈಗವಸಿನ ಅಂಗೈ ತಮ್ಮ ಕಾರನ್ನು ನಿಲ್ಲಿಸಿದಾಗ ಗಾಜು ಇಳಿಸಿ, ಹೊರಡು ಎಂದು ಅವಳಿಗೆ ತಾವೇ ಹೇಳಿ. ಅವಳ ಶೂ ನನ್ನ ಒಲೆಯ ಪಕ್ಕ ಬೆಚ್ಚಗಿದೆ. ಯಾರಿಗೂ ಕೊಟ್ಟಿಲ್ಲ.

ಇಂತಿ,
ಕಳೆದ ವರ್ಷದ ಬುಧವಾರ ತಂಡದೊಂದಿಗೆ ಮನೆ ಬಿಟ್ಟು, ಜ್ಯೋತಿಷಿಗಳ ಲೆಕ್ಕದಲ್ಲಿ ಇನ್ನೂ ಮನೆ ಸೇರದ,
ಔಮ್ ನಿದುಪ್ ಝಾಂಗ್ಮೊ
ಮೈದಾನದ ಹಿಂದಿನ ಖಾನಾವಳಿ, ಥಿಂಪು